ಬೂದಿಬಣ್ಣದ ಕೆಂಪು

ಮಾರ್ಚ್ ೧೪, ಶನಿವಾರ. ಲೂಯಿಸ್‌ವಿಲ್, ಟೆಕ್ಸಸ್

ಭಯ ಹೋಗುತ್ತಲೇ ಇಲ್ಲ. ಇಂದು ಡಲ್ಲಾಸ್ ಮ್ಯೂಸಿಯಂನಲ್ಲಿ ಗೈಡ್ ಆಗಿ ಎಂದಿನಂತೆ ಬಂದವರಿಗೆ ಆರ್ಫಿಸಂ ಚಿತ್ರಗಳನ್ನು ವಿವರಿಸುತ್ತಿದ್ದೆ. ನೂರು ವರ್ಷದ ಹಿಂದೆ ಪ್ಯಾರಿಸ್‌ನ ಕಲಾವಿದರು ಮರ, ಮನುಷ್ಯರನ್ನೆಲ್ಲ ಬಿಟ್ಟು ಬರೀ ಬಣ್ಣವನ್ನೇ ಚಿತ್ರವಾಗಿಸಿದರು ಎನ್ನುತ್ತಾ ಬಲಗಣ್ಣು ಉಜ್ಜಿಕೊಂಡೆ. ಎಡಗಣ್ಣೊಂದಕ್ಕೇ ಎದುರಿನ ಚಿತ್ರದ ದೊಡ್ಡ ಕೆಂಪು ವೃತ್ತ ಬೂದಿಯಂತೆ ಕಂಡಿತು.

ಜೊತೆಗಿದ್ದ ಮಗಳು ಇಂಚರಾಳನ್ನು ಮೆಲ್ಲಗೆ ಕೇಳಿದೆ, "ಇದು ಯಾವ ಬಣ್ಣನೇ?"

"ರೆಡ್, ಅಮ್ಮಾ. ವೈ?"

ಕಾರಿನ ಕೀ ಅವಳ ಕೈಗಿಟ್ಟೆ. ದಾರಿಯುದ್ದಕ್ಕೂ ಒಂದೊಂದೇ ಕಣ್ಣು ಮುಚ್ಚಿ ಸಿಗ್ನಲ್ ದೀಪಗಳನ್ನು ನೋಡಿದೆ.

ಪರಿಚಯದ ಕಣ್ಣಿನ ಡಾಕ್ಟರ್ ವಿಶ್ವಾಸ್ ಫೋನಿನಲ್ಲಿ, "ಕಣ್ಣಿನ ನರ ಊದಿರಬಹುದು ಆಂಟಿ, ಬೆಳಿಗ್ಗೇನೇ ಎಮರ್ಜೆನ್ಸಿಗೆ ಬಂದ್ಬಿಡಿ" ಎಂದ.

ಇಂಚರಾ ನನ್ನ ಪಕ್ಕದಲ್ಲೇ ಮಲಗಿದ್ದಾಳೆ. ಅವಳ ಮುಖ ನೋಡುತ್ತಾ ಕೂತಿದ್ದೇನೆ. ಬೆಳಗಾಗುವಷ್ಟರಲ್ಲಿ ಬಲಗಣ್ಣಿಗೂ ಹೀಗೇ ಆಗಿಬಿಟ್ಟರೆ?