ಬೋಳು ಮಾಳಿಗೆಯ ಹಳದಿ ಟಿಟ್ಟಿಭ

ಮೂರನೆಯ ಬೇಸಿಗೆಯ ನಲವತ್ತೇಳನೆಯ ದಿನ, ೨೩೧೮

ಬಯಲಿಗೆ ಸಸಿ ಹೊತ್ತು ಹೊರಟಿರುವ ಹಿರಿಯರಿಗೆ,

ನಮ್ಮ ವರ್ಷಕ್ಕೆ ಮೂರು ಬೇಸಿಗೆ. ನಿಮಗೆ ಈ ಲೆಕ್ಕ ವಿಚಿತ್ರವೆನಿಸಬಹುದು, ನನ್ನ ಕನ್ನಡವೂ ಒರಟೆನಿಸಬಹುದು. ಮನ್ನಿಸಬೇಕು, ತಿದ್ದಿ ಬರೆಯುವ ತ್ರಾಣ ನನಗಿಲ್ಲ.

ನಿಮ್ಮ ಕಾಲದಲ್ಲಿ, ಬರಿ ನೆಲದ ಮೇಲೆ ಮೊಟ್ಟೆಯಿಡುವ ಟಿಟ್ಟಿಭ ಹಕ್ಕಿಯಲ್ಲಿ ಎರಡು ಬಗೆಯಿದ್ದವು. ಕೆಂಪು ಟಿಟ್ಟಿಭ ಇಂದಿಗೂ ಬೇಕಾದಷ್ಟಿದೆ. ಕಣ್ಣಿನ ಮುಂದೆ ಕೆಂಪು ತೊಗಲು, ಕಪ್ಪು ಎದೆ, ಊರೆಲ್ಲ ಎದ್ದು ಕೂರುವಂಥ ಗಂಟಲು. ಕೆರೆ, ಕಾಲುವೆ, ಗದ್ದೆ ಎಲ್ಲಿ ಬಿಟ್ಟರೂ ಬದುಕಿಕೊಳ್ಳುತ್ತದೆ. ಅದರ ದಾಯಾದಿ ಹಳದಿ ಟಿಟ್ಟಿಭ ಹಾಗಲ್ಲ. ಮಣ್ಣಿನ ಬಣ್ಣದ ಮೈ, ತಲೆಗೆ ಕಪ್ಪು ಟೋಪಿ, ಕೊಕ್ಕಿನ ಪಕ್ಕ ಇಳಿಬಿದ್ದ ಹಳದಿ ತೊಗಲು, ಸಣ್ಣ ದನಿ. ಅದಕ್ಕೆ ಬೇಕಾದದ್ದು ಒಣ ಬಯಲು, ಬೆಣಚುಕಲ್ಲು, ಕುರುಚಲು ಹುಲ್ಲು. ಅಂಥ ನೆಲವನ್ನು ನೀವು ಪಾಳು ಎಂದಿರಿ. ಒಳ್ಳೆಯ ಮನಸ್ಸಿನಿಂದಲೇ ಗುಂಡಿ ತೋಡಿ ಸಸಿ ನೆಟ್ಟಿರಿ, ಹೊಂಡ ತೆಗೆದು ನೀರು ನಿಲ್ಲಿಸಿದಿರಿ. ಕೆಂಪಿನದು ನೀರಿಗೆ ಬಂತು, ಹಳದಿಯದು ಎದ್ದು ಹೋಯಿತು. ಎರಡೂ ಒಂದೇ ಎಂದುಕೊಂಡವರಿಗೆ ಹಕ್ಕಿ ಕಡಿಮೆಯಾದದ್ದೇ ತಿಳಿಯಲಿಲ್ಲ.

ನಮ್ಮಲ್ಲಿ ಈಗ ಹಸುರಾಣೆ ಎಂಬುದಿದೆ. ಅಂಗೈಯಗಲ ನೆಲವನ್ನೂ ಬೋಳು ಬಿಡುವುದಿಲ್ಲವೆಂದು ಮದುವೆಯ ದಿನ ಗಂಡುಹೆಣ್ಣು ಆಣೆ ಮಾಡಬೇಕು. ಗೋಡೆಗೆ ಬಳ್ಳಿ, ಮನೆಯ ಮೇಲಿನ ಮಣ್ಣಿನ ಮಾಳಿಗೆಗೆ ಹುಲ್ಲು, ಬಾವಿಕಟ್ಟೆಗೂ ಪಾಚಿ. ಗಂಡ ಸತ್ತ ಮೇಲೆ ನೀರು ಹೊರಲಾರದೆ ನನ್ನ ಮಾಳಿಗೆಯ ಹುಲ್ಲು ಒಣಗಿ, ಗರಸು ಮಣ್ಣು ಮೇಲೆದ್ದಿತು. ಅಲ್ಲಿಗೆ ಈ ಬೇಸಿಗೆಯಲ್ಲಿ ಒಂದು ಜೋಡಿ ಹಳದಿ ಟಿಟ್ಟಿಭ ಬಂದು ಮೊಟ್ಟೆಯಿಟ್ಟಿದೆ. ನಾನು ಬಲ್ಲಂತೆ ಈ ಸೀಮೆಯಲ್ಲಿ ಬೇರೆ ಜೋಡಿಯಿಲ್ಲ. ಮೊದಲ ದಿನ ಅವನ್ನು ನೋಡಿ ಅತ್ತುಬಿಟ್ಟೆ.

ನಾಳಿದ್ದು ನನ್ನ ಮೈದುನ ಪಂಪಣ್ಣನ ಮಗನಿಗೆ ಹೆಣ್ಣು ಕೊಡುವವರು ನಮ್ಮ ಮನೆ ನೋಡಲು ಬರುತ್ತಾರೆ. "ಅತ್ತಿಗೀ, ಬೋಳ ಮಾಳಗಿ ನೋಡಿದ್ರ ಹೆಣ್ಣ ಯಾರ ಕೊಡ್ತಾರ? ನಾಕ ಬುಟ್ಟಿ ಮಣ್ಣ ಹಾಕಿ ಹುಲ್ಲ ಹಚ್ತೀನಿ, ನೀವು ಸುಮ್ನಿರ್ರಿ," ಎಂದ. ಅವನು ಕೆಟ್ಟವನಲ್ಲ. ಹಕ್ಕಿ ಕೆರೆಯ ಕಡೆ ಬೇಕಾದಷ್ಟಿವೆಯಲ್ಲ ಎನ್ನುತ್ತಾನೆ. ಅವು ಕೆಂಪಿನವು ಎಂದು ಹೇಳಿ ಹೇಳಿ ನನ್ನ ಬಾಯಿ ಸೋತಿದೆ.

ಮಾಳಿಗೆಯ ಮೆಟ್ಟಿಲಿಗೆ ಅಡ್ಡ ಕೂತು ಇದನ್ನು ಬರೆಯುತ್ತಿದ್ದೇನೆ. ಬುಟ್ಟಿ ಹೊತ್ತು ಪಂಪಣ್ಣ ಎರಡು ಸಲ ಬಂದು ಹೋದ. ಮತ್ತೆ ಬರುತ್ತಾನೆ. ಮರಿ ಹೊರಬರುವ ತನಕ ನಾನು ಏಳುವಂತಿಲ್ಲ, ಕಾಲು ಆಗಲೇ ಜೋಮು ಹಿಡಿದಿದೆ. ನಿಮ್ಮಲ್ಲಿ ಒಬ್ಬರಾದರೂ ಒಂದು ಬಯಲನ್ನು ಇದ್ದ ಹಾಗೆ ಬಿಟ್ಟುಬಿಡಿ. ಬಿಟ್ಟರೆ ಈ ಹಕ್ಕಿಗೆ ಅಲ್ಲಿ ನೆಲೆ ಉಳಿದಿರುತ್ತದೆ, ನಾನು ಎದ್ದು ಒಳಗೆ ಹೋಗಿ ಮಲಗುತ್ತೇನೆ.

ನಿಮ್ಮ ಮನೆತನದವಳೇ,
ಹುಲಿಗೆವ್ವ