ಅಧಿಕ ಮಾಸಕ್ಕೆ ಬಿಟ್ಟ ಫೋನು

14 ಮೇ, ಗುರುವಾರ. ಶಿಗ್ಗಾಂವ

ಎದ್ದ ಕೂಡಲೇ ಫೋನು. ಹಲ್ಲುಜ್ಜುವಾಗ ಫೋನು. ಚಹಾ ಆರಿತು. ನಿನ್ನೆ ಏಳು ತಾಸು ಇಪ್ಪತ್ತು ನಿಮಿಷ ನೋಡಿದ್ದೇನೆಂದು ಫೋನೇ ಹೇಳಿತು. ಕಾಲೇಜಿನಲ್ಲಿ ಕನ್ನಡ ಹೇಳುವ ಲೆಕ್ಚರರ್ ನಾನು. ಈ ವರ್ಷ ಒಂದು ಪುಸ್ತಕ ಪೂರ್ತಿ ಓದಿಲ್ಲ. ಅರ್ಧ ಪುಟಕ್ಕೆ ಕೈ ಜೇಬಿಗೆ ಹೋಗುತ್ತದೆ. ಸುಮೇಧಾ ಈಗ ಜಗಳವನ್ನೂ ಮಾಡುವುದಿಲ್ಲ. "ನೀವು ಕೂತಿರ್ತೀರಿ, ಆದ್ರ ಇರೂದಿಲ್ಲ" ಅಂದಳು ಹೋದ ವಾರ. ಹೆಂಡತಿಯ ಬಾಯಲ್ಲಿ ಇಂಥ ಮಾತು ಬಂದ ಮೇಲೆ ಗಂಡ ಏನು ಹೇಳಬೇಕು? ನಾನು ಫೋನು ನೋಡುತ್ತಿದ್ದೆ.

ತಿಳವಳ್ಳಿಯಿಂದ ನನ್ನ ಹಿರಿಯಕ್ಕ ಗೋಪಿಕಕ್ಕ ಫೋನು ಮಾಡಿದಳು. ಕಣ್ಣು ಪೂರ್ತಿ ಹೋಗಿ ಎರಡು ವರ್ಷವಾಯಿತು ಅವಳಿಗೆ. ರವಿವಾರದಿಂದ ಅಧಿಕ ಮಾಸ. ಅಜ್ಜ ಕೈಯಲ್ಲಿ ಬರೆದಿಟ್ಟ ಪುರಾಣದ ಪುಸ್ತಕ, ಮೂವತ್ತು ಅಧ್ಯಾಯ, ದಿನಕ್ಕೊಂದು ಓದಿ ಹೇಳಬೇಕಂತೆ. ಅಜ್ಜನ ಕಾಗೆಕಾಲು ಅಕ್ಷರ ಈಗ ತಿಳಿಯುವುದು ನನಗೊಬ್ಬನಿಗೇ. "ಮುಂದಿನ ಅಧಿಕಕ್ಕ ನಾ ಇರ್ತೇನೋ ಇಲ್ಲೋ. ಒಮ್ಮೆ ನಿನ್ನ ಬಾಯಿಂದ ಪೂರ್ತಿ ಕೇಳಬೇಕು ಮಧ್ವ್ಯಾ."

ನನಗೆ ಅ ಆ ತಿದ್ದಿಸಿದವಳು ಅವಳೇ. ಹೂಂ ಅಂದೆ. ನನ್ನಿಂದ ಆಗುತ್ತದೆಯೇ... ಭಯವಾಗಿದೆ.

16 ಮೇ. ತಿಳವಳ್ಳಿ

ಹಾನಗಲ್ಲಿನಲ್ಲಿ ಬಸ್ಸು ಬದಲಿಸುವಾಗ ರಿಯಾಜನ ಅಂಗಡಿಯಲ್ಲಿ ಬಟನ್ ಫೋನು ಕೊಂಡೆ. "ಯಾರಿಗ್ರಿ ಸರ್? ಅಪ್ಪಾರಿಗೇನ್ರಿ?" ನನಗೇ ಅಂದೆ. ನಕ್ಕ. "ಹದಿನೈದು ದಿವ್ಸಕ್ಕ ವಾಪಸ್ ತರ್ತೀರಿ ನೋಡ್ರಿ. ಬಾಳ ಮಂದಿ ತಂದಾರ."

ಅಧಿಕ ಮಾಸದ ವ್ರತವೆಂದು ಈ ತಿಂಗಳು ಒಬ್ಬೊಬ್ಬರು ಒಂದೊಂದು ಪದಾರ್ಥ ಬಿಡುತ್ತಾರೆ. ನಾನು ಸ್ಮಾರ್ಟ್ ಫೋನು ಬಿಟ್ಟೆ. ಸಿಮ್ ತೆಗೆದು ಬಟನ್ ಫೋನಿಗೆ ಹಾಕಿಕೊಂಡು, ಬಿಟ್ಟ ಫೋನನ್ನು ಅಕ್ಕನ ಸೊಸೆ ವಿಭಾಳ ಕೈಗಿತ್ತೆ. ದೇವರ ಮನೆಯ ಕಪಾಟಿನಲ್ಲಿಟ್ಟಳು. "ಇಲ್ಲಿ ಮಡಿ ಇಲ್ಲದ ಯಾರೂ ಕೈ ಹಚ್ಚಂಗಿಲ್ರಿ ಮಾಮಾ." ಸ್ನಾನ ಮಾಡಿ ಮಡಿಪಂಚೆ ಉಟ್ಟರಷ್ಟೇ ಒಳಗೆ ಪ್ರವೇಶ. ಇದಕ್ಕಿಂತ ಗಟ್ಟಿ ಬೀಗ ಯಾವುದಿದೆ?

19 ಮೇ

ಮೂರನೇ ಅಧ್ಯಾಯ. ಸಂಜೆ ಐದಕ್ಕೆ ಓದು. ಅಕ್ಕ ಗೋಡೆಗೆ ಒರಗಿ ಕೂತು ಸಾಲುಸಾಲಿಗೂ ಹೂಂಗುಟ್ಟುತ್ತಾಳೆ. ಮುಗಿದ ಮೇಲೆ ಕೈಯಾಡಿಸಿ ಪೀಠದ ಮೇಲಿನ ಪುಸ್ತಕ ಹುಡುಕಿ, ತುಳಸಿ ಇಟ್ಟು, ಕಣ್ಣಿಗೊತ್ತಿಕೊಳ್ಳುತ್ತಾಳೆ.

ಓದುತ್ತಿದ್ದೆ, ಮನಸ್ಸು ಇರಲಿಲ್ಲ. ತೊಡೆ ನಡುಗಿದಂತಾಯಿತು, ಫೋನೇ ಎಂದು ಮುಟ್ಟಿಕೊಂಡೆ. ಏನೂ ಇಲ್ಲ. "ಎಲ್ಡ ಸಾಲ ಹಾರಿಸಿದಿ" ಅಂದಳು ಅಕ್ಕ. ಹಿಂದೆ ಹೋಗಿ ಓದಿದೆ. ಮತ್ತೆ ಹಾರಿಸಿದೆ. ಮತ್ತೆ ಹಿಡಿದಳು. ಅಜ್ಜ ಓದುವಾಗ ಕೇಳಿ ಕೇಳಿ ಬಾಯಿಪಾಠ ಅವಳಿಗೆ.

22 ಮೇ

ಮಧ್ಯಾಹ್ನದೊಳಗೇ ಮೂರು ಸಲ ಸ್ನಾನ. ಮಡಿ ಉಟ್ಟು ದೇವರ ಮನೆ ಹೊಕ್ಕು, ಬಾಗಿಲು ಮುಂದೆ ಮಾಡಿ, ಕಪಾಟು ತೆಗೆದು... ಮನೆಯ ವೈಫೈ ಒಳಗೂ ಬರುತ್ತದೆ. ಮುಕ್ಕಾಲು ತಾಸು. ಕಾಲೇಜ್ ಗ್ರೂಪಿನಲ್ಲಿ ಒಬ್ಬರಿಗೊಬ್ಬರು ಗುಡ್ ಮಾರ್ನಿಂಗ್ ಅಂದಿದ್ದರು. ಅದನ್ನೂ ಓದಿದೆ.

ಹೊರಗೆ ಅಕ್ಕ ಹೇಳುತ್ತಿದ್ದಳು, "ನಮ್ಮ ಮಧ್ವ್ಯಾಗ ಈಗರೆ ಭಕ್ತಿ ಬಂತು ನೋಡ ವಿಭಾ." ವಿಭಾ ಜೋರಾಗಿ ಕೆಮ್ಮಿದಳು. ನಾಚಿಕೆಯಿಂದ ಸಾಯುವಂತಾಯಿತು. ಸಂಜೆ ನಾಲ್ಕನೇ ಸ್ನಾನ.

29 ಮೇ

ಒಂದನೇ ತಾರೀಖು ಕಾಲೇಜು ಶುರು. ಓದು ಅರ್ಧಕ್ಕೆ ನಿಲ್ಲುತ್ತದೆ. ಅದಕ್ಕೊಂದು ಉಪಾಯ ಮಾಡಿದೆ. ಎಲ್ಲರೂ ಅಕ್ಕನನ್ನು ಕರೆದುಕೊಂಡು ಚಿಕ್ಕೇರೂರಿಗೆ ಬೀಗರ ಮನೆಗೆ ಹೋಗಿದ್ದರು. ಖಾಲಿ ಮನೆ. ನೆಟ್ ಬಂದ್ ಮಾಡಿ ಉಳಿದ ಹದಿನೇಳು ಅಧ್ಯಾಯ ಫೋನಿನಲ್ಲಿ ರೆಕಾರ್ಡ್ ಮಾಡಿದೆ. ಆರು ತಾಸು. ಒಂದು ಸಾಲು ತಪ್ಪಲಿಲ್ಲ. ಎಷ್ಟು ವರ್ಷದ ಮೇಲೆ ಓದಿದೆ!

30 ಮೇ

ಸುಮ್ಮನೆ ಪರೀಕ್ಷೆಗೆಂದು ವಿಭಾಳ ಸಣ್ಣ ಸ್ಪೀಕರು ಪೀಠದ ಮೇಲೆ ಪುಸ್ತಕದ ಹಿಂದಿಟ್ಟು ರೆಕಾರ್ಡಿಂಗ್ ಹಚ್ಚಿದೆ. ಅಕ್ಕನಿಗೆ ಹೇಳಲಿಲ್ಲ. ಅವಳು ಹೂಂಗುಟ್ಟಿದಳು. ನಾನು ಎದುರಿಗೆ ಕೂತು ಫೋನಿನಲ್ಲಿ ಮೆಸೇಜು ನೋಡಿದೆ. ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯುತ್ತೇನೆ: ಹಾಯೆನಿಸಿತ್ತು.

31 ಮೇ, ರವಿವಾರ

ಇವತ್ತೂ ಅದನ್ನೇ ಮಾಡಿದೆ. ಪೀಠದ ಮೇಲೆ ಪುಸ್ತಕ ಇಡುವುದನ್ನೇ ಮರೆತೆ. ಅಧ್ಯಾಯ ಮುಗಿಯಿತು. ಫೋನಿನಿಂದ ತಲೆ ಎತ್ತುವಷ್ಟರಲ್ಲಿ ಅಕ್ಕನ ಕೈ ಸ್ಪೀಕರಿನ ಮೇಲಿತ್ತು. ಸುತ್ತ ಸವರಿ ನೋಡಿದಳು. ಅದರ ಮೇಲೇ ತುಳಸಿ ಇಟ್ಟಳು.

"ಇದು ಯಾವಾಗ ಓದಿದ್ದೋ?"

"ಮೊನ್ನೆ."

"ಛಂದ ಓದೀದಿ. ಒಂದು ಸಾಲು ಬಿಟ್ಟಿಲ್ಲ. ನಾಳಿಂದ ಇದನ್ನ ಹಚ್ಚಲಿ ವಿಭಾ."

"ಬ್ಯಾಡಕ್ಕಾ, ರಜೆ ಹಾಕ್ತೇನಿ. ನಾನೇ ಓದ್ತೇನಿ."

"ನೀ ಓದೂ ಮುಂದ ಎಲ್ಲೆ ಹಾರಸ್ತೀಯೋ ಅಂತ ನಿನ್ನ ಕಾಯೂದೇ ಆಗ್ತದ. ಇದರ ಮುಂದ ಕೂತ್ರ ಕತಿ ಕೇಳಸ್ತದ."

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಫೋನನ್ನು ಅಲ್ಲೇ ಬಿಟ್ಟು ಕೊನೆಯ ಬಸ್ಸು ಹತ್ತಿದೆ.

9 ಜೂನ್. ಶಿಗ್ಗಾಂವ

ಸ್ಮಾರ್ಟ್ ಫೋನು ಇಲ್ಲದೆ ಒಂಬತ್ತು ದಿನ. ಸ್ಟಾಫ್ ರೂಮಿನಲ್ಲಿ ಶಹಬ್ಬಾಸ್ ಅಂದರು, ಹೇಗೆ ಬಿಟ್ಟಿರಿ ಎಂದು ಕೇಳಿದರು. ಪುಸ್ತಕ ಹಿಡಿದರೆ ಈಗಲೂ ಅರ್ಧ ಪುಟ. ಆಮೇಲೆ ಗೋಡೆ ನೋಡುತ್ತೇನೆ. ಬಿಟ್ಟರೆ ಎಲ್ಲ ಸರಿಯಾಗುತ್ತದೆ ಎಂದುಕೊಂಡಿದ್ದೆ. ಓದುವವನೇ ಒಳಗೆ ಉಳಿದಿಲ್ಲ.

ಸಂಜೆ ತಡೆಯಲಾಗಲಿಲ್ಲ. ವಿಭಾಳ ನಂಬರಿಗೆ ಹಚ್ಚಿದೆ. "ಅತ್ಯಾರು ಪುರಾಣ ಕೇಳ್ಲಿಕ್ಕತ್ತಾರ್ರಿ ಮಾಮಾ." ಒಂದೇ ನಿಮಿಷ ಕೊಡು ಎಂದೆ. ಫೋನು ಅಕ್ಕನ ಕಿವಿಗೆ ಹೋಯಿತು. ಹಿಂದೆ ನನ್ನದೇ ದನಿ, ನಿಧಾನ, ಎಲ್ಲೂ ತಡವರಿಸದೆ.

"ಅಕ್ಕಾ, ನಾನು..."

"ಆಮ್ಯಾಲೆ ಮಾತಾಡೋಣಪಾ. ಮಧ್ವ್ಯಾ ಓದ್ಲಿಕ್ಕತ್ತಾನ."

ಆಯ್ತಕ್ಕಾ ಅಂದೆ. ಅವಳು ಫೋನು ಕೆಳಗಿಟ್ಟಳು, ಕಟ್ ಮಾಡಲಿಲ್ಲ. ಆ ಕಡೆ ಅವಳು ಹೂಂ ಅನ್ನುತ್ತಿದ್ದಳು. ನಾನು ಫೋನು ಕಿವಿಯಿಂದ ತೆಗೆಯದೆ ಅಧ್ಯಾಯ ಮುಗಿಯುವವರೆಗೂ ಕೇಳಿದೆ.