ಆಷಾಢದಲ್ಲಿ ವಾಸಿಯಾಗುವ ಬೆನ್ನು

ಚಂದ್ರಾ ಲೇಔಟ್
22 ಜುಲೈ 2025

ಭೈರೇಶ್ ಅವರಿಗೆ,

ಎದುರಿಗಿದ್ದಿದ್ದರೆ ‘ರೀ’ ಅಂದರೆ ಮುಗಿಯುತ್ತಿತ್ತು. ಕಾಗದದ ಮೇಲೆ ಹಾಗೆ ಕರೆಯಲು ಯಾಕೋ ಸಂಕೋಚ. ಫೋನಿನಲ್ಲಿ ನಾನು ಬಾಯಿ ತೆರೆಯುವ ಮೊದಲೇ ನೀವು ಉತ್ತರ ಕೊಟ್ಟಿರುತ್ತೀರಿ, ಅದಕ್ಕೇ ಬರೆಯುತ್ತಿದ್ದೇನೆ. ಅಮ್ಮನ ಮನೆಯಲ್ಲಿ ಎಲ್ಲರೂ ಕ್ಷೇಮ. ಕಸ್ತೂರಿಗೆ ಹುರುಳಿ ನೆನೆಸಿಯೇ ಹಾಕುತ್ತಿದ್ದೀರಿ ತಾನೆ?

ನಿಮ್ಮ ವಾಯ್ಸ್ ಮೆಸೇಜ್ ಕೇಳಿದೆ. ಶ್ರಾವಣದ ಮೊದಲ ಭಾನುವಾರಕ್ಕೇ ನಾಗರಭಾವಿಯ ಮದುವೆ ಮೆರವಣಿಗೆ ಒಪ್ಪಿಕೊಂಡಿದ್ದೀರಿ. ಅಷ್ಟರಲ್ಲಿ ಆತ್ರೇಯ ಬಂದು ಕಸ್ತೂರಿಯ ಬೆನ್ನುಮೂಳೆ ಒತ್ತಿ ಕೂರಿಸಿದರೆ ಕುದುರೆ ಸರಿಹೋಗುತ್ತದೆ ಅಂತ ನಿಮ್ಮ ಲೆಕ್ಕ. ಬೇರೆ ಯಾರು ಜೀನು ಹಾಕಲು ಹೋದರೂ ಅವಳು ಒದೆಯುತ್ತಾಳೆ, ಹಾಗಾಗಿ ನಾನು ಬರಬೇಕು. “ನೀನ್ ಬಂದ್ರೆ ಸಾಕು ಕಣೇ, ಅವಳು ಸುಮ್ನೆ ನಿಂತ್ಕೋತಾಳೆ” ಅಂದಿರಿ.

ಆತ್ರೇಯ ಮೋಸಗಾರರೆಂದು ನಾನು ಹೇಳುತ್ತಿಲ್ಲ. ಅವರು ಸ್ಟೂಲ್ ಮೇಲೆ ನಿಂತು ಬೆನ್ನು ಒತ್ತುವಾಗ ಕಸ್ತೂರಿ ಕತ್ತು ಇಳಿಬಿಟ್ಟು ಆಕಳಿಸುವುದನ್ನು ಈ ವರ್ಷ ನಾನೂ ನೋಡಿದೆ. ಹಿಂದೆಲ್ಲ ಪ್ರತಿ ವರ್ಷ ಅವರು ಬಂದುಹೋದ ಮೇಲೆ ಅವಳ ನಡಿಗೆ ಸುಧಾರಿಸುತ್ತಿದ್ದುದೂ ನಿಜ. ಆದರೆ ಅವರನ್ನು ನಾವು ಕರೆಸುತ್ತಿದ್ದುದು ಯಾವಾಗ? ಆಷಾಢದಲ್ಲಿ. ಆಷಾಢದಲ್ಲಿ ಮದುವೆಗಳಿಲ್ಲ, ಕುದುರೆಗೆ ಕೆಲಸವಿಲ್ಲ, ಬಿಡುವಾಗಿರುತ್ತಾಳಲ್ಲ ಅಂತ. ತಿಂಗಳಿಡೀ ಯಾರೂ ಮೇಲೆ ಕೂರದಿದ್ದರೆ ಯಾವ ಬೆನ್ನು ತಾನೆ ಹಗುರಾಗುವುದಿಲ್ಲ? ಹೆಸರು ಮಾತ್ರ ಆತ್ರೇಯರಿಗೆ ಬಂತು. ಇಷ್ಟು ವರ್ಷ ಇದು ನಮ್ಮಿಬ್ಬರ ತಲೆಗೂ ಹೊಳೆಯಲಿಲ್ಲ.

ಈ ವರ್ಷ ಮೊದಲ ಸಲ ವೈಶಾಖದಲ್ಲಿ, ಮದುವೆಗಳ ನಡುವೆ ಕರೆಸಿದಿರಿ. ಆಮೇಲೆ ಆದದ್ದು ನಿಮಗೇ ಗೊತ್ತು. ಮಾರೇನಹಳ್ಳಿಯ ಛತ್ರದ ಮುಂದೆ ಮದುಮಗ ಹತ್ತಿ ಕೂತ ಕೂಡಲೇ ಕಸ್ತೂರಿ ಬೆನ್ನು ಕುಗ್ಗಿಸಿದಳು, ಹಿಂಗಾಲು ನಡುಗಿತು. ನೀವು ತಮಟೆಯ ಸದ್ದು ಅಂದಿರಿ, ಆಮೇಲೆ ಲಾಳ ಅಂದಿರಿ, ಕೊನೆಗೆ ಮದುಮಗನೇ ದಪ್ಪ ಅಂದಿರಿ. ಪಾಪ, ಆ ಹುಡುಗ ಕಡ್ಡಿಯ ಹಾಗಿದ್ದ.

ಕಸ್ತೂರಿಗೆ ಇಂಜೆಕ್ಷನ್ ಹಾಕಲು ಬರುತ್ತಾರಲ್ಲ, ಆ ಡಾಕ್ಟರ್ ಜಲಜಾ ಅವರ ಹತ್ತಿರ, ಇಲ್ಲಿಗೆ ಬರುವ ಮೊದಲು, ನಿಮಗೆ ಹೇಳದೆ ಹೋಗಿದ್ದೆ. ಆತ್ರೇಯ ಮಾಡುವ ಈ ಕೈರೋಪ್ರಾಕ್ಟಿಕ್, ಈ ಮೂಳೆ ಒತ್ತುವ ಚಿಕಿತ್ಸೆ, ನಂಬಬಹುದೇ ಅಂತ ಕೇಳಿದೆ. ಅವರು ತೆಗಳಲಿಲ್ಲ. ಕುದುರೆಗಳ ಮೇಲೆ ಪರೀಕ್ಷೆಗಳು ನಡೆದಿವೆಯಂತೆ. ಕೆಲವು ಕುದುರೆಗಳಲ್ಲಿ ಬಿಗಿತ ಸಡಿಲವಾಗಿ, ಸ್ವಲ್ಪ ದಿನ ನೋವು ಕಡಿಮೆಯಾದದ್ದು ಕಂಡಿದೆಯಂತೆ. ಆದರೆ ಪರೀಕ್ಷೆಗೆ ತೆಗೆದುಕೊಂಡ ಕುದುರೆಗಳೇ ಕಡಿಮೆ, ಎಷ್ಟೋ ಕಡೆ ಚಿಕಿತ್ಸೆ ಇಲ್ಲದೆ ಬರೀ ವಿಶ್ರಾಂತಿ ಪಡೆದ ಕುದುರೆಯ ಜೊತೆ ಹೋಲಿಸಿಯೇ ಇಲ್ಲವಂತೆ. “ಏನೂ ಉಪಯೋಗ ಇಲ್ಲ ಅನ್ನಕ್ಕಾಗಲ್ಲಮ್ಮ. ಅದನ್ನ ನಂಬ್ಕೊಂಡು ಕೆಲಸಕ್ಕೆ ಕಳಿಸಿ ಅನ್ನೋಕೂ ಆಗಲ್ಲ” ಅಂದರು. ಮೊದಲು ನೋವು ಎಲ್ಲಿಂದ ಬರುತ್ತಿದೆ ಅಂತ ನೋಡೋಣ ಅಂದು, ನೀವು ಹುಲ್ಲು ತರಲು ಹೋಗಿದ್ದ ದಿನ ಕೆಂಗೇರಿಯ ನಮ್ಮ ಶೆಡ್ಡಿಗೇ ಮಿಷನ್ ತಂದು ಎಕ್ಸ್‌ರೇ ತೆಗೆದರು. ಜೀನು ಕೂರುವ ಜಾಗದಲ್ಲೇ ಮೂಳೆಗಳು ಒಂದಕ್ಕೊಂದು ಉಜ್ಜುತ್ತಿವೆ. ಇನ್ನು ಮೆರವಣಿಗೆ ಬೇಡವೇ ಬೇಡ ಅಂದರು.

ನಾನು ಜೀನು ಹಾಕುವಾಗ ಕಸ್ತೂರಿ ಸುಮ್ಮನೆ ನಿಲ್ಲುವುದು ನೋವಿಲ್ಲ ಅಂತ ಅಲ್ಲ. ನಾನು ಕೇಡು ಮಾಡುವುದಿಲ್ಲ ಅಂತ ನಂಬಿ ನಿಲ್ಲುತ್ತಾಳೆ. ಆ ನಂಬಿಕೆಯನ್ನೇ ಹಿಡಿದು ಅವಳನ್ನು ನೋವಿಗೆ ತಳ್ಳಲು ನನ್ನ ಕೈಲಾಗದು. ನಿಮ್ಮ ಮೇಲೆ ಸಿಟ್ಟಿಗಿಂತ ನನಗೆ ದುಃಖವೇ ಹೆಚ್ಚಾಗಿದೆ. ಭಾನುವಾರ ನಾನು ಬರುವುದಿಲ್ಲ. ಆ ಮದುವೆಯವರಿಗೆ ಬೇರೆ ಕುದುರೆ ಹುಡುಕಿಕೊಡಿ. ಎಕ್ಸ್‌ರೇ ಇದರ ಜೊತೆಗಿದೆ, ಬೆಳಕಿಗೆ ಹಿಡಿದು ನೋಡಿ.

ಇಂತು,
ಪ್ರಭಾ

ಮತ್ತೆ: ಪ್ರತಿ ವರ್ಷ ಶ್ರಾವಣ ಬಂದು ನಾನು ಮನೆಗೆ ಮರಳಿದ ಕೂಡಲೇ ನಿಮ್ಮ ಶಂಭುಲಿಂಗಪ್ಪ ಮಾವ ನಮ್ಮಿಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಬುದ್ಧಿ ಹೇಳುತ್ತಿದ್ದರು. ಆಮೇಲೆ ಸ್ವಲ್ಪ ದಿನ ಜಗಳ ಇರುತ್ತಿರಲಿಲ್ಲ. ಅವರ ಮಾತಿನಿಂದಲೇ ನಮ್ಮ ಸಂಸಾರ ಉಳಿದಿದೆ ಅಂತ ಅತ್ತೆ ಇಡೀ ಬೀದಿಗೆ ಹೇಳಿದ್ದಾರೆ. ಅದಕ್ಕೆ ಮುಂಚಿನ ಆಷಾಢವಿಡೀ ನಾನು ಇಲ್ಲಿ, ಅಮ್ಮನ ಮನೆಯಲ್ಲಿ ಇರುತ್ತಿದ್ದೆ. ಈ ಸಲ ಮಾವನನ್ನು ಕರೆಸಬೇಡಿ. ಶ್ರಾವಣ ಕಳೆದ ಮೇಲೂ ನಾನು ಬರುವುದಿಲ್ಲ.